ಗುಡ್ಡದಾಚೆಯ ಸೂರ್ಯೋದಯ

ಹದಿನಾರು ವರ್ಷದ ಯುದ್ಧದಲ್ಲಿ ಎರಡು ಕಡೆಯವರಿಗೂ ಸೇರಿದ್ದಾಗಿ ಉಳಿದದ್ದು ನೀರಿನ ಪಂಪ್‌ಹೌಸ್ ಒಂದೇ. ಅದು ಇಬ್ಬರ ಬಂದೂಕುಗಳ ನಡುವೆ ಇತ್ತು. ಪಂಪು ಕೆಟ್ಟಾಗಲೆಲ್ಲ ಫೋನ್ ಮಾಡಿ, ಎರಡು ಗಂಟೆ ಗುಂಡು ನಿಲ್ಲಿಸಲು ಇಬ್ಬರನ್ನೂ ಒಪ್ಪಿಸುವುದು ಈ ಕಡೆಯ ನೀರಿನ ಕಚೇರಿಯಲ್ಲಿದ್ದ ಅವಳ ಕೆಲಸ. ಶತ್ರುವಿನ ಜೊತೆ ಮಾತಾಡುವವಳೆಂದು ಅಕ್ಕ ಅವಳಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅಣ್ಣ ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ. ಮಾತು ಉಳಿಸಿಕೊಂಡಿದ್ದವರು ಪಂಪು ರಿಪೇರಿ ಮಾಡುವ ಫಿಟ್ಟರ್ ಚಿಕ್ಕಪ್ಪ ಮಾತ್ರ.

"ಆ ಕಡೆಯ ಆಫೀಸರ್ ಜೊತೆ ನೀನು ಮಾತಾಡೋದರಲ್ಲಿ ಕಾಲು ಭಾಗ ನಿನ್ನ ಚಿಕ್ಕಮ್ಮ ನನ್ನ ಜೊತೆ ಮಾತಾಡಿದ್ರೆ ಸಾಕಿತ್ತು ಕಣೆ" ಎಂದು ರೇಗಿಸುತ್ತಿದ್ದರು.

ಹದಿನಾರನೇ ವರ್ಷ ಆ ಕಡೆಯವರು ತಮ್ಮ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟುಕೊಂಡರು. ಗುಂಡು ನಿಲ್ಲಿಸುವ ಹೊತ್ತನ್ನು ಇವರ ಸಮಯದಲ್ಲಿ ಬರೆದ ಕಾಗದಕ್ಕೆ ಅವರು ಸಹಿ ಹಾಕರು, ಅವರ ಸಮಯಕ್ಕೆ ಇವರು ಹಾಕರು. ಪಂಪು ಕೆಟ್ಟು ಮೂರು ವಾರ ನಲ್ಲಿಗಳು ಒಣಗಿದವು. ಕೊನೆಗೆ ಅವಳು, 'ಸೂರ್ಯ ಕಂಡು ಮೂರು ಗಂಟೆಯ ನಂತರ ಗುಂಡು ನಿಲುಗಡೆ ಆರಂಭ' ಎಂದು ಬರೆದು ಕಳಿಸಿದಳು. ಇಬ್ಬರೂ ತುಟಿಪಿಟಕ್ಕೆನ್ನದೆ ಸಹಿ ಹಾಕಿದರು.

ಗುರುವಾರ ಚಿಕ್ಕಪ್ಪ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಹೊರಟರು. ರೇಡಿಯೊ ಒಯ್ಯಲು ಅನುಮತಿ ಇರಲಿಲ್ಲ. ಅವರು ಕಣ್ಮರೆಯಾದ ಮೇಲೆ ಅವಳು ವಾಡಿಕೆಯಂತೆ ಆ ಕಡೆಗೆ ಫೋನ್ ಮಾಡಿದಳು.

"ಇನ್ನೂ ಟೈಮಿದೆಯಲ್ಲ ಮೇಡಂ" ಎಂದ ಆಫೀಸರ್. "ನಮಗೆ ಗುಡ್ಡ ಅಡ್ಡ. ಬಿಸಿಲು ಬೀಳೋದು ಇಪ್ಪತ್ತೈದು ನಿಮಿಷ ತಡ."

ಎಲ್ಲವನ್ನೂ ಎರಡೆರಡು ಸಲ ಲೆಕ್ಕ ಹಾಕಿದವಳು ಗುಡ್ಡವನ್ನೇ ಮರೆತಿದ್ದಳು. ಇಪ್ಪತ್ತೈದು ನಿಮಿಷ ಚಿಕ್ಕಪ್ಪ ಬಟ್ಟಬಯಲಿನಲ್ಲಿರುತ್ತಾರೆ.

"ತಪ್ಪು ನನ್ನದು. ನಮ್ಮವರು ಆಗಲೇ ಹೊರಟಿದ್ದಾರೆ."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು.

"ಮುಂಚೆ ನಿಲ್ಲಿಸೋಕೆ ಮೇಲಿನವರ ಅಪ್ಪಣೆ ಬೇಕು. ಕೇಳಿದ್ರೆ ಬೇಡ ಅಂತಾರೆ." ಮತ್ತೆ ದನಿ ತಗ್ಗಿಸಿ ಅವನೆಂದ, "ನಾನು ಕೇಳೋಕೆ ಹೋಗಲ್ಲ, ಗುಂಡು ನಿಲ್ಲಿಸ್ತೀನಿ ಬಿಡಿ."

ಗುಂಡು ಹಾರಲಿಲ್ಲ. ಮಧ್ಯಾಹ್ನ ಚಿಕ್ಕಪ್ಪ ಮೊಣಕೈವರೆಗೂ ಗ್ರೀಸ್ ಬಳಿದುಕೊಂಡು ಬಂದು, ವಾಲ್ವ್ ಹೇಗೆ ಹಟ ಮಾಡಿತೆಂದು ಬಣ್ಣಿಸಿದರು. ಅವಳು ಬರೀ ಹೂಂಗುಟ್ಟಿದಳು. ನಡೆದದ್ದು ಈ ಕಡೆಯವರಿಗೆ ತಿಳಿದರೆ ಅವಳು ದ್ರೋಹಿ, ಆ ಕಡೆಯವರಿಗೆ ತಿಳಿದರೆ ಆ ಆಫೀಸರ್.

ಮುಂದಿನ ವಾರ ಪಂಪು ಮತ್ತೆ ಕೆಟ್ಟು ಅವಳು ಕರೆ ಮಾಡಿದಾಗ ಆ ಕಡೆ ಫೋನ್ ಎತ್ತಿದ್ದು ಬೇರೆ ದನಿ, ಎಳೆಯದು, ಗಡುಸಾದದ್ದು. ಮೊದಲಿದ್ದವರೆಲ್ಲಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಕೇಳಿದರೆ ಆ ಪ್ರಶ್ನೆಯೇ ಹಳೆಯ ಆಫೀಸರ್ ವಿರುದ್ಧ ಸಾಕ್ಷಿಯಾಗುತ್ತಿತ್ತು. ಗುಡ್ಡದ ನಿಮಿಷಗಳನ್ನು ಸೇರಿಸಿ ಬರೆದ ಹೊಸ ಕಾಗದವನ್ನು ಓದಿ ಹೇಳಿದಳು.

"ಸರಿ. ಇನ್ನೇನಾದ್ರೂ ಇದೆಯಾ?" ಎಂದಿತು ಆ ದನಿ.

"ಇಲ್ಲ."

ಫೋನ್ ಇಟ್ಟಾಗ ಚಿಕ್ಕಪ್ಪ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏನಂದ್ರು ಕಣೆ ನಿನ್ನ ಆಫೀಸರ್ರು?"

"ಒಪ್ಪಿದ್ರು ಚಿಕ್ಕಪ್ಪ" ಎಂದಳು.