ಸಂಜೀವಪ್ಪನ ಎಡಗಾಲು

“ಬಿಡ್ಲಾ, ಮುಂದ್ಗಡೆ ಹೆಗಲು ನಂದು,” ಎಂದು ಪಿಳ್ಳಪ್ಪ ದಾಯಾದಿಯೊಬ್ಬನನ್ನು ಪಕ್ಕಕ್ಕೆ ಸರಿಸಿ ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ಸತ್ತ ಸಂಜೀವಪ್ಪನೂ ಅವನೂ ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ಹದಿನೆಂಟು ವರ್ಷ ಅಕ್ಕಪಕ್ಕ ಕೂತು ರೇಷ್ಮೆ ನೂಲು ಬಿಚ್ಚಿದವರು. ಒಂದೇ ಬೆಂಕಿಕಡ್ಡಿಯಲ್ಲಿ ಎರಡು ಬೀಡಿ ಹಚ್ಚಿದವರು.

ತಮಟೆ ಶುರುವಾಯಿತು. ಸಂಜೀವಪ್ಪನ ಅಣ್ಣ ಅಪ್ಪಯ್ಯಣ್ಣ ಕಣ್ಣೊರೆಸಿಕೊಂಡ.

“ಬೆನ್ನು ಕುಯ್ಸ್ಕೊಳ್ದೆ ಇದ್ದಿದ್ರೆ ಇನ್ನೂ ಹತ್ತು ವರ್ಷ ಇರ್ತಿದ್ದ ನನ್ ತಮ್ಮ.”

ಸಂಜೀವಪ್ಪನ ಹೆಂಡತಿ ಮುನಿತಾಯಮ್ಮ ಅಳು ನಿಲ್ಲಿಸಿದಳು. “ಕುಯ್ದು ಮೂರು ವರ್ಷ ಆಯ್ತು ಬಾವ. ಮಳೇಲಿ ನೆಂದು, ಎದೆ ಕಟ್ಟಿ ಸತ್ರು. ಅದ್ಕೂ ಇದ್ಕೂ ಗಂಟು ಹಾಕ್ಬ್ಯಾಡಿ.”

“ಅಣ್ಣ ಹೇಳೋದೇ ಸರಿ ಕಣಕ್ಕ,” ಅಂದ ಪಿಳ್ಳಪ್ಪ. “ದೇವ್ರು ಕೊಟ್ಟ ನರ ಕತ್ತರಿಸ್ಬಾರ್ದಿತ್ತು.”

*

೧೯೪೫ರಲ್ಲಿ ಸಂಜೀವಪ್ಪನ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು. ಅದಕ್ಕೆ ಮುಂಚೆ ಒಂದು ವರ್ಷ, ನಡೆಯುವಾಗ ನೂರು ಹೆಜ್ಜೆಗೊಮ್ಮೆ ಮೀನಖಂಡ ಹಿಡಿದು ನಿಲ್ಲುತ್ತಿದ್ದ. ಕೇಳಿದರೆ ಪೈರು ನೋಡುತ್ತಿದ್ದೆ ಅನ್ನುತ್ತಿದ್ದ. ಪೈರಿಲ್ಲದ ಬೇಸಿಗೆಯಲ್ಲೂ ನೋಡುತ್ತಿದ್ದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಕಾಲು ತೆಗೆಯಬೇಕು ಅಂದರು. ಇನ್ನೊಬ್ಬ ಡಾಕ್ಟರು ಬಂದು ಪಾದ ಮುಟ್ಟಿ, ಉಗುರು ಒತ್ತಿ ಬಿಟ್ಟು, ರಕ್ತ ತಿರುಗಿ ಬರುವುದನ್ನು ನೋಡಿದರು.

“ರಕ್ತನಾಳ ಸಣ್ಣಗಾಗಿವೆ. ಅವನ್ನ ಬಿಗಿ ಹಿಡಿದಿರೋ ನರ ಬೆನ್ನಿನ ಪಕ್ಕದಲ್ಲಿದೆ. ಅದನ್ನ ಕತ್ತರಿಸಿದ್ರೆ ನಾಳ ಸಡಿಲ ಆಗಬಹುದು.”

“ಆಗ್ಬೋದೋ, ಆಗ್ತದೋ?” ಮುನಿತಾಯಮ್ಮ ಕೇಳಿದ್ದಳು.

“ಗೊತ್ತಿಲ್ಲಮ್ಮ. ಅದನ್ನೇ ನೋಡ್ತಿದೀನಿ. ಆರು ಜನಕ್ಕೆ ಮಾಡಿದೀನಿ, ನಾಲ್ಕು ಕಾಲು ಉಳಿದಿವೆ. ನಾಳ ಕೆಡಿಸೋದೇ ಬೀಡಿ. ಅದನ್ನ ಮುಟ್ಟೋದಾದ್ರೆ ನನ್ನ ಹತ್ರ ಬರಬೇಡಿ.”

ಗೊತ್ತಿಲ್ಲ ಅಂದ ಡಾಕ್ಟರನ್ನು ಅವಳು ನಂಬಿದಳು. ಬೆರಳಿನ ತುದಿ ಹೋಯಿತು, ಕಾಲು ಉಳಿಯಿತು. ಆಮೇಲೆ ಸಂಜೀವಪ್ಪ ತಿಂಗಳಿಗೊಮ್ಮೆ ಇದ್ದಲು ಉರಿಸಿ ಓಡಿಸುವ ಬಸ್ಸಿನಲ್ಲಿ ಹೋಗಿ ಪಾದದ ಬಿಸಿ ಅಳೆಸಿಕೊಂಡು ಬರುತ್ತಿದ್ದ; ಡಾಕ್ಟರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. “ನನ್ ಕಾಲು ಪುಸ್ತಕದಲ್ಲೈತೆ,” ಎಂದು ಊರೆಲ್ಲ ಹೇಳುತ್ತಿದ್ದ. ಅದು ಅವನ ಬದುಕಿನ ಒಂದೇ ಜಂಬ.

*

ಮಣ್ಣು ಮಾಡುವ ಹೊಲಕ್ಕೆ ಹೋಗುವ ದಾರಿಯಲ್ಲಿ ಹೆಣ ಇಳಿಸುವುದು ಒಂದೇ ಕಡೆ, ಹುಣಸೆಮರದ ಬುಡದಲ್ಲಿ. ಮರ ಇನ್ನೂ ಎರಡು ಫರ್ಲಾಂಗು ದೂರ ಇರುವಾಗಲೇ ಪಿಳ್ಳಪ್ಪ ನಿಂತುಬಿಟ್ಟ. ಚಟ್ಟ ವಾಲಿತು.

“ಯಾಕ್ಲಾ?” ಅಪ್ಪಯ್ಯಣ್ಣ ಗದರಿದ.

“ತಡಿಯಣ್ಣ. ಆ ಹೊಲ ಯಾರ್ದು? ಹುರುಳಿ ಚೆನ್ನಾಗಿ ಬಂದೈತೆ.”

“ಹೆಣ ಹೊತ್ಕೊಂಡು ಹುರುಳಿ ನೋಡ್ತಾನಲ್ಲಪ್ಪೋ ಇವ್ನು!”

ಯಾರೋ ನಕ್ಕರು. ಹಿಂದೆ ಹೆಂಗಸರ ಗುಂಪಿನಲ್ಲಿದ್ದ ಮುನಿತಾಯಮ್ಮ ನಗಲಿಲ್ಲ. ನೇರ ಮುಂದಕ್ಕೆ ಬಂದು ಪಿಳ್ಳಪ್ಪನ ಮುಖ ನೋಡಿದಳು. ತುಟಿ ಕಚ್ಚಿ ಬೆವರುತ್ತಿದ್ದ.

“ಇಳ್ಸಿ,” ಅಂದಳು.

“ಇಲ್ಲಿ ಇಳ್ಸೋ ಪದ್ಧತಿ ಇಲ್ಲ ಕಣಮ್ಮ.”

“ಹೆಣ ನನ್ ಗಂಡಂದು. ಇಳ್ಸಿ ಬಾವ.”

ಇಳಿಸಿದರು. ಪಿಳ್ಳಪ್ಪ ಅಲ್ಲೇ ಕುಸಿದು ಕೂತ.

“ಕಾಲು ಚಾಚು.”

“ಬ್ಯಾಡಕ್ಕ. ಜನ ನೋಡ್ತವ್ರೆ.”

“ನೋಡ್ಲಿ. ಎಷ್ಟು ದಿನದಿಂದ?”

“ಯುಗಾದಿಯಿಂದ.” ಅವನ ದನಿ ಇಳಿಯಿತು. “ಸಂಜೀವಂಗೂ ಹೇಳ್ಲಿಲ್ಲ. ಹೇಳಿದ್ರೆ ಎಳ್ಕೊಂಡು ಹೋಗ್ತಿದ್ದ. ಬೆನ್ನು ಕುಯ್ದ್ರೆ ಸತ್ತೋಗ್ತೀನಿ ಕಣಕ್ಕ.”

“ಅವ್ರು ಮೂರು ವರ್ಷ ಕಾಲ್ಮೇಲೆ ನಡೆದು ಸತ್ರು. ನೀನು ಕೊಳೆತ ಕಾಲು ಇಟ್ಕೊಂಡು ಎಷ್ಟು ದಿನ ಬದುಕ್ತೀಯಾ?”

ಪಿಳ್ಳಪ್ಪ ಚಟ್ಟದ ಕಡೆ ನೋಡಿದ.

“ಬಸ್ಸು ಎಷ್ಟೊತ್ತಿಗೆ?”

“ಏಳಕ್ಕೆ. ನಾಳೆ ಬಾವ ಕರ್ಕೊಂಡು ಹೋಗ್ತಾರೆ.”

ಅಪ್ಪಯ್ಯಣ್ಣ ಹೂಂ ಎಂದು ತಲೆಯಾಡಿಸಿದ.

ಮುನಿತಾಯಮ್ಮ ಬಗ್ಗಿ, ಡಾಕ್ಟರು ಮಾಡುತ್ತಿದ್ದ ಹಾಗೆ, ಪಿಳ್ಳಪ್ಪನ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದು ಬಿಟ್ಟಳು. ರಕ್ತ ವಾಪಸು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬಾಯಲ್ಲೇ ಎಣಿಸತೊಡಗಿದಳು. ತಮಟೆಯವರು ಬಡಿಯುವುದು ನಿಲ್ಲಿಸಿ ಹತ್ತಿರ ಬಂದರು. ಹೆಣವನ್ನು ಬಿಟ್ಟು ಎಲ್ಲರೂ ಆ ಉಗುರಿನ ಮೇಲೆ ಬಗ್ಗಿದರು. ಬಿಳಿಚಿಕೊಂಡೇ ಇತ್ತು. ಬಹಳ ಹೊತ್ತಿನ ಮೇಲೆ ಅದರ ಬುಡದಲ್ಲಿ ಕೂದಲೆಳೆಯಷ್ಟು ಕೆಂಪು ಕಾಣಿಸಿತು.