ಗ್ರ್ಯಾಂಡ್‌ಮಾಸ್ಟರನ ಆಪ್ತರು

ಯಹ್ಯಾ ಶವಪೆಟ್ಟಿಗೆಯ ತಲೆಯ ಕಡೆಗೆ ಹೆಜ್ಜೆ ಇಡುವಷ್ಟರಲ್ಲಿ ಸೇಸಪ್ಪ ಅಡ್ಡ ಬಂದು ತಾನೇ ಅಲ್ಲಿ ನಿಂತ. ಸೌದಿಯ ಜಿದ್ದಾ ನಗರದ ಆ ಶವಾಗಾರದಿಂದ ಯೊಸಿಪ್ ಮರಾವಿಚ್‌ನ ದೇಹ ಸಂಜೆ ಕ್ರೊಯೇಷಿಯಾಕ್ಕೆ ಹೊರಡುವುದಿತ್ತು. ಮುಚ್ಚಳ ಹಾಕುವ ಮೊದಲು ಅಲ್ಲಿರುವ ತಂಗಿ ವಿಡಿಯೊ ಕರೆಯಲ್ಲಿ ಅಣ್ಣನ ಮುಖ ನೋಡುವವಳಿದ್ದಳು. ಆಗ ಪಕ್ಕದಲ್ಲಿ ಕಾಣುವ ಮುಖ ತನ್ನದೇ ಆಗಿರಬೇಕು, ಅಣ್ಣನ ಆಪ್ತ ಇವನೇ ಎಂದು ಅವಳಿಗೆ ತಿಳಿಯಬೇಕು. ಅದಕ್ಕೆಂದೇ ಸೇಸಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ. ಹೆಂಡತಿ ವಸಂತಿ ಬಾಗಿಲ ಹತ್ತಿರವೇ ನಿಂತಿದ್ದಳು.

“ಸೇಸಪ್ಪಣ್ಣ, ನಾನೂ ಅವರೊಟ್ಟಿಗೆ ಚೆಸ್ ಆಡಿದವನೇ ಅಲ್ವಾ?” ಎಂದ ಯಹ್ಯಾ.

“ಆಡಿದ್ದು ಗೊತ್ತುಂಟು ಮಾರಾಯ. ಈಗ ಅಲ್ಲೇ ನಿಲ್ಲು.”

*

ಮರಾವಿಚ್ ಚೆಸ್ ಗ್ರ್ಯಾಂಡ್‌ಮಾಸ್ಟರ್. ಅವನ ಊರಲ್ಲಿ ಹೋಟೆಲಿಗೆ ಹೋದರೆ ಜನ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರಂತೆ. ಇಲ್ಲಿ ಕ್ಲಬ್ಬಿನ ಮಕ್ಕಳಿಗೆ ಆಟ ಕಲಿಸಿಕೊಂಡು, ಅಜೀಜಿಯಾ ಬಡಾವಣೆಯಲ್ಲಿ ಸೇಸಪ್ಪನ ಎದುರು ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದ. ಲಿಫ್ಟಿನಲ್ಲಿ ಅವನ ಗುರುತು ಹಿಡಿಯುವವರೇ ಇರಲಿಲ್ಲ. ಸೇಸಪ್ಪ ಮಾತ್ರ ‘ಮಾಸ್ಟರ್’ ಎಂದು ಕರೆದು, ಶುಕ್ರವಾರ ಬಂತೆಂದರೆ ಆಟಕ್ಕೆ ಹಾಜರಾಗುತ್ತಿದ್ದ. ಎಸಿ ರಿಪೇರಿಯವನಿಗೆ ಗ್ರ್ಯಾಂಡ್‌ಮಾಸ್ಟರನ ದೋಸ್ತಿ ಎಂದರೆ ಸುಮ್ಮನೆಯೇ? ಕಂಪನಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆದರೆ ಆಟಕ್ಕೆ ಮೊದಲು ಮಾಸ್ಟರ್ ತನ್ನ ರಾಣಿಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದ. ರಾಣಿಯಿಲ್ಲದೆಯೂ ಅವನೇ ಗೆಲ್ಲುತ್ತಿದ್ದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಶರಫಿಯಾ ಪೇಟೆಯ ಟೈಲರ್, ಉಳ್ಳಾಲದ ಯಹ್ಯಾ ಬಂದ ದಿನ ಮಾಸ್ಟರ್ ಎಲ್ಲ ಕಾಯಿಗಳನ್ನೂ ಇಟ್ಟುಕೊಂಡೇ ಆಡಿದ. ಟೈಲರನನ್ನು ತನ್ನ ಸರಿಸಮನೆಂದು ಎಣಿಸಿದ ಹಾಗಾಯಿತಲ್ಲ ಎಂದು ಸೇಸಪ್ಪ ಉರಿದುಹೋದ. ಮುಂದೆ ಮಾಸ್ಟರ್ ಮಲಗಿದ್ದಾರೆಂದು ಸುಳ್ಳು ಹೇಳಿ ಯಹ್ಯಾನನ್ನು ಬಾಗಿಲಿನಿಂದಲೇ ಕಳಿಸಿದ್ದೂ ಉಂಟು.

ಮಧ್ಯಾಹ್ನ ವಸಂತಿ ಮೀನಿನ ಗಸಿ ಕಳಿಸುತ್ತಿದ್ದಳು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ಅವಳು ಒಮ್ಮೆ ಹೇಳಿದ್ದೇ ಸಾಕಾಯಿತು, ಮಾಸ್ಟರ್ ಅದರಲ್ಲಿ ಒಣ ಅಂಜೂರ ತುಂಬಿ ತಾನೇ ತಂದುಕೊಡುತ್ತಿದ್ದ. ಬಂದವನು ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಏನೇನೋ ಹರಟುತ್ತಿದ್ದ. ಸೇಸಪ್ಪ ಆ ಹೊತ್ತಿನಲ್ಲಿ ಸೋತ ಆಟವನ್ನು ಮತ್ತೆ ಜೋಡಿಸಿ, ಎಲ್ಲಿ ಎಡವಿದೆ ಎಂದು ಹುಡುಕುತ್ತಿದ್ದ.

*

ಸೇಸಪ್ಪನ ಕೈಯಲ್ಲಿದ್ದ ಫೋನಿನಲ್ಲಿ ತಂಗಿಯ ಮುಖ ಮೂಡಿತು. ಸೇಸಪ್ಪ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ ತನ್ನ ಹೆಸರು, ಶುಕ್ರವಾರದ ಆಟ ಎಲ್ಲ ಒಪ್ಪಿಸಿದ. ಅವಳು ಥ್ಯಾಂಕ್ಸ್ ಎಂದಳು. ಯಹ್ಯಾ ಕತ್ತು ಚಾಚಿ ತನ್ನ ಹೆಸರು ಹೇಳಿದ. ಅವನಿಗೂ ಒಂದು ಥ್ಯಾಂಕ್ಸ್, ಅಷ್ಟೇ. ಆಮೇಲೆ ಕಣ್ಣೊರೆಸಿಕೊಂಡು, ವಸಂತಿ ಎಲ್ಲಿ ಎಂದು ಕೇಳಿದಳು. ಅಣ್ಣ ಫೋನ್ ಮಾಡಿದಾಗಲೆಲ್ಲ ಅವಳದೇ ಸುದ್ದಿಯಂತೆ. ಊಟ ಬಿಟ್ಟರೆ ತುಳುವಿನಲ್ಲಿ ಬೈಯುತ್ತಾಳೆ, ಥೇಟ್ ನಮ್ಮಮ್ಮನೇ ಎನ್ನುತ್ತಿದ್ದನಂತೆ. ಚೆಸ್ಸಿನ ಮಾತೇ ಎತ್ತುತ್ತಿರಲಿಲ್ಲವಂತೆ.

ಸೇಸಪ್ಪನಿಗೆ ಹೊಟ್ಟೆಕಿಚ್ಚು ಪಡಲು ಯಹ್ಯಾ ಸಾಲದೆಂದು ಈಗ ಸ್ವಂತ ಹೆಂಡತಿಯೇ ಸಿಕ್ಕಳು.

ತನ್ನ ಪರವಾಗಿ ಅಣ್ಣನ ಹಣೆ ಮುಟ್ಟಬೇಕೆಂದು ತಂಗಿ ವಸಂತಿಯನ್ನು ಕೇಳಿಕೊಂಡಳು. ವಸಂತಿ ಬಂದಾಗ ಗಂಡ ಜಾಗ ಬಿಡಬೇಕಾಯಿತು. ಅವಳು ಸತ್ತವನ ಬಿಳಿ ಕೂದಲನ್ನು ಬೆರಳಿನಿಂದ ಸರಿಮಾಡಿ ಹಣೆಯ ಮೇಲೆ ಅಂಗೈ ಇಟ್ಟಳು. ಅಲ್ಲಿದ್ದವರಲ್ಲಿ ಅತ್ತವಳು ಅವಳೊಬ್ಬಳೇ.

“ಫೋನ್ ಸ್ವಲ್ಪ ಮೇಲೆ ಹಿಡೀರಿ. ಅವರಿಗೆ ಕಾಣುವುದಿಲ್ಲ,” ಎಂದಳು ಗಂಡನಿಗೆ.

ಸೇಸಪ್ಪ ತೋಳು ಚಾಚಿ ಎತ್ತಿ ಹಿಡಿದ. ಪರದೆಯಲ್ಲಿ ಮಾಸ್ಟರ್ ಇದ್ದ, ವಸಂತಿ ಇದ್ದಳು. ತೋಳು ಸೋತು ಇಳಿಯತೊಡಗಿದಾಗ ಯಹ್ಯಾ ಹಿಂದಿನಿಂದ ಬಂದು ಅವನ ಮೊಣಕೈಗೆ ತನ್ನ ಕೈಯ ಆಸರೆ ಕೊಟ್ಟು ನಿಂತ.