ಅಡ್ಜಸ್ಟ್ ಎಂದವರನ್ನು ನಂಬದ ಸೀಟು

ನಾನು ಮೂವರು ಕೂರುವ ಒಂದು ಬಸ್ಸಿನ ಸೀಟು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬಸ್ಸಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಕಬ್ಬಿಣದ ಪೈಪುಗಳನ್ನು ಬೆಸೆದು ನನಗೆ ಕಾಲು ಮಾಡಿದರು. ಹಲಗೆಯ ಮೇಲೆ ಸ್ಪಂಜು ಇಟ್ಟು ಕಂದು ಬಣ್ಣದ ರೆಕ್ಸಿನ್ ಹೊದಿಸಿದರು. ಹೊದಿಸುವ ಮೇಸ್ತ್ರಿಗೆ ರೆಕ್ಸಿನ್ ಕೊಂಚ ಸಾಲದೆ ಬಂತು. "ಇರ್ಲಿ ಬಿಡ, ಅಡ್ಜಸ್ಟ್ ಮಾಡೂಣು" ಎಂದು ಎಳೆದು ಮೊಳೆ ಹೊಡೆದ. ಹುಟ್ಟುತ್ತಲೇ ನನ್ನ ಕಿವಿಗೆ ಬಿದ್ದ ಮಾತು ಅದು. ಅಂದಿನಿಂದ ಆ ಮಾತೆಂದರೆ ನನಗೆ ಅನುಮಾನ.

ಅದು ಇಂಗ್ಲಿಷಿನ ಮಾತಂತೆ. ತವರಿನಲ್ಲಿ ಅದು ಎಷ್ಟು ಮರ್ಯಾದೆಯಿಂದ ಇತ್ತೋ ನನಗೆ ತಿಳಿಯದು, ನಮ್ಮ ಕಡೆ ಬಂದ ಮೇಲಂತೂ ಅದು ಹೊಕ್ಕದ ಬಾಯಿಲ್ಲ. ನನ್ನನ್ನು ಮೊದಲು ಕೂರಿಸಿದ್ದು ಬೆಳಗಾವಿಗೆ ಓಡುವ ಹೊಸ ಬಸ್ಸಿನಲ್ಲಿ. ಅಲ್ಲಿ ಅಡ್ಜಸ್ಟ್ ಎಂದರೆ ಕಿಟಕಿಯ ಗಾಜನ್ನೋ ಸೀಟಿನ ಬೆನ್ನನ್ನೋ ಹದಕ್ಕೆ ತರುವುದು. ಇಸ್ತ್ರಿ ಮಾಡಿದ ಅಂಗಿಯವರು ಮೆಲ್ಲಗೆ ಅನ್ನುತ್ತಿದ್ದರು. ಆಗ ನಾನೂ ಎಳೆಯ ಸೀಟು, ಇರಬಹುದು ಒಳ್ಳೆಯ ಮಾತೇ ಅಂದುಕೊಂಡಿದ್ದೆ.

ಬಸ್ಸು ಹಳೆಯದಾಯಿತು. ಹಾವೇರಿಯ ಒಬ್ಬ ಮಾಲಕ ಕೊಂಡು ಬ್ಯಾಡಗಿಯಿಂದ ಹಾವೇರಿಗೆ ಓಡಿಸತೊಡಗಿದ. ಕಂಡಕ್ಟರ್ ಚಮನಸಾಬ. ಅವನ ಬಾಯಲ್ಲಿ ಅಡ್ಜಸ್ಟ್ ಎಂದರೆ ಮೂವರ ಜಾಗದಲ್ಲಿ ಐವರು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ, ಮೊದಲು ಸೊಂಟದ ಒಂದು ಮೂಲೆ ಊರುವರು, ಆಮೇಲೆ ಕುಂಬಳದ ಬಳ್ಳಿಯಂತೆ ಹಬ್ಬುವರು. ಗ್ರಾಮಪಂಚಾಯತಿಯ ಒಬ್ಬ ಮೆಂಬರು ಫೋನಿನಲ್ಲಿ "ಸಾಹೇಬ್ರಿಗೆ ಹೇಳಿ ಅಡ್ಜಸ್ಟ್ ಮಾಡಸ್ತೀನಿ" ಎಂದ, ಅಲ್ಲಿ ಅದರರ್ಥ ಮುಚ್ಚಿಹಾಕುವುದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹಿರಿಯರು ಮುನಿಸಿಕೊಂಡ ಗಂಡಹೆಂಡಿರ ನಡುವೆ ಕೂತು ಅದನ್ನೇ ಅನ್ನುವರು. ಆಗ ಅದರರ್ಥ ಸಹಿಸಿಕೋ ಎಂದು. ಅವರ ಮುಖ ಯಾವಾಗಲೂ ಹೆಂಡತಿಯ ಕಡೆಗೇ ತಿರುಗಿರುತ್ತಿತ್ತು.

ನನ್ನ ಕಿಟಕಿಯ ಬದಿಗೆ ದಿನಾ ಬೆಳಿಗ್ಗೆ ನೀಲಗಂಗಾ ಎಂಬ ಹುಡುಗಿ ಕೂರುತ್ತಿದ್ದಳು. ಬ್ಯಾಡಗಿಯವಳು, ಹಾವೇರಿಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಹಗುರ ಮೈ, ಕಾಲು ಕುಣಿಸುವ ಅಭ್ಯಾಸವಿಲ್ಲ, ರೆಕ್ಸಿನ್ನನ್ನು ಉಗುರಿನಿಂದ ಕೆರೆಯುತ್ತಿರಲಿಲ್ಲ. ನನಗೆ ಅವಳ ಮೇಲೆ ಪ್ರೀತಿ ಇತ್ತು, ಅದನ್ನು ಮುಚ್ಚಿಡುವುದೇನಿದೆ? ಒಂದು ದಿನ ಅವಳು ಗೆಳತಿಗೆ ಫೋನಿನಲ್ಲಿ ಹೇಳಿದಳು: "ಬರೂ ಸೋಮವಾರ ನನ್ನ ನೋಡಾಕ ಬರ್ತಾರಂತ. ಅಪ್ಪಗ ಭಾಳ ಮನಸೈತಿ. ಆದ್ರ ಅಂಗಡಿ ಬಿಡು ಅಂದ್ರ ಏನ್ ಮಾಡ್ಲಿ? ಆ ಕೆಲಸಾ ಬಿಟ್ಟು ನನಗ ಇರಾಕಾಗಂಗಿಲ್ಲ."

ಮರುದಿನವೇ ಮೋಟೆಬೆನ್ನೂರಿನಲ್ಲಿ ಒಬ್ಬ ಮುದುಕಿ ಹತ್ತಿದಳು. ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇದ್ದವು. ಅವೆಲ್ಲವನ್ನೂ ದಾಟಿ ನೇರ ನನ್ನ ಹತ್ತಿರ ಬಂದು, ಅಷ್ಟು ಹೊತ್ತಿಗಾಗಲೇ ಇಬ್ಬರು ಕೂತಿದ್ದ ನನ್ನ ಪಕ್ಕ ನಿಂತು, "ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳವಾ" ಎಂದಳು. ನೀಲಗಂಗಾ ಸರಿದಳು. ಮುದುಕಿ ತುದಿಯಲ್ಲಿ ಕುಳಿತಳು. ನನಗೆ ಆಗಲೇ ಮೋಸದ ವಾಸನೆ ಬಡಿಯಿತು.

ಮತ್ತೊಂದು ದಿನ ತನ್ನ ಚೀಲವನ್ನು ಹುಡುಗಿಯ ತೊಡೆಯ ಮೇಲಿಟ್ಟಳು. ಮಗದೊಂದು ದಿನ ಗಾಳಿ ಬೇಕೆಂದು ಕಿಟಕಿ ಬದಿಯನ್ನೇ ಕೇಳಿದಳು. ಪ್ರತಿಸಲವೂ ಬಾಯಲ್ಲಿ ಅದೇ ಮಾತು, ಕಣ್ಣು ಮಾತ್ರ ಹುಡುಗಿಯ ಮುಖದ ಮೇಲೆ. ಮುಖವೋ, ಕಿವಿಯ ಬಂಗಾರದ ಓಲೆಯೋ? "ಒಬ್ಬಾಕಿನ ಹೋಗ್ತಿಯೇನು? ಸಂಜಿಮುಂದ ಎಷ್ಟೊತ್ತಿಗೆ ಬರ್ತಿ? ಮನ್ಯಾಗ ಯಾರ್ಯಾರು ಇರ್ತೀರಿ?" ಇವು ಒಳ್ಳೆಯವರು ಕೇಳುವ ಪ್ರಶ್ನೆಗಳೇ? ಓಲೆ ಹೋಗುವ ದಿನ ದೂರವಿಲ್ಲ ಎಂದು ನಾನು ಒಳಗೊಳಗೇ ಕಂಗಾಲಾದೆ. ಸೀಟಿಗೆ ಬಾಯಿದ್ದಿದ್ದರೆ ಕೂಗಿಯೇ ಬಿಡುತ್ತಿದ್ದೆ.

ಚಮನಸಾಬನಿಗೂ ಅನುಮಾನ ಬಂದಿತ್ತು. ಒಂದು ಮುಂಜಾನೆ ಟಿಕೆಟ್ ಹರಿಯುತ್ತ ಮೆಲ್ಲಗೆ ಹೇಳಿದ: "ತಂಗೀ, ಆ ಮುದುಕಿ ಹಾವೇರ್ಯಾಗ ಇಳದು ಎಲ್ಲೂ ಹೋಗಂಗಿಲ್ಲ. ಚಾ ಕುಡದು ಇದ ಬಸ್ಸಿಗೆ ವಾಪಸ್ ಬರ್ತಾಳ. ಹುಷಾರಿ."

ಅವತ್ತೇ ಮುದುಕಿ ತನ್ನ ಚೀಲವನ್ನು ಸೀಟಿನ ಮೇಲಿಟ್ಟು, ಹುಡುಗಿಗೆ ಎದ್ದು ನಿಲ್ಲುವಂತೆ ಹೇಳಿದಳು. ನೀಲಗಂಗಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಎದ್ದು ಕಂಬಿ ಹಿಡಿದು ನಿಂತಳು. ಹಾವೇರಿ ಕಾಣಿಸಿದಾಗ ಮುದುಕಿ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಸೆರಗಿನ ಮರೆಯಿಂದ ಏನೋ ತೆಗೆದಳು. ಚಾಕುವೇ ಬಂತು ಎಂದುಕೊಂಡೆ. ಬಂದದ್ದು ಹಸಿರು ಕುಪ್ಪಸದ ಕಣ, ಅದರೊಳಗೆ ಅರಿಶಿನ ಕುಂಕುಮದ ಪೊಟ್ಟಣ.

"ನಾ ಫಕ್ಕೀರವ್ವ. ಸೋಮವಾರ ನಿನ್ನ ನೋಡಾಕ ಬರಾವ್ರು ನಾವ. ನಾ ಹುಡುಗನ ತಾಯಿ" ಎಂದಳು. "ಮನಿಗೆ ನೋಡಾಕ ಹೋದ್ರ ಎಲ್ಲಾ ಹುಡಿಗ್ಯಾರೂ ತಲಿ ತಗ್ಗಿಸಿ ಚಾ ತರ್ತಾರ. ಅದರಾಗ ಏನ್ ತಿಳೀತೈತಿ? ಅಡ್ಜಸ್ಟ್ ಮಾಡ್ಕೊಳ್ಳೂ ಗುಣ ಐತೋ ಇಲ್ಲೋ ಬಸ್ಸಿನ್ಯಾಗ ತಿಳೀತೈತಿ. ನೀ ಒಂದ್ಸಲಾನೂ ಮಾರಿ ಕಿವಚಲಿಲ್ಲ. ಇನ್ನ ಆ ಅಂಗಡಿ ಕೆಲಸಾ ಒಂದು ಬಿಟ್ಟುಬಿಡವ್ವ. ಅಷ್ಟು ಅಡ್ಜಸ್ಟ್ ಮಾಡ್ಕೊ."

ನೀಲಗಂಗಾ ಕುಪ್ಪಸದ ಕಣ ಮುಟ್ಟಲಿಲ್ಲ.

"ನೀವು ವಯಸ್ಸಾದಾವ್ರು ಅಂತ ಜಾಗಾ ಬಿಟ್ಟೀನಿ ಅವ್ವಾರ, ಸೊಸಿ ಆಗಾಕಲ್ಲ. ಅಡ್ಜಸ್ಟ್ ಮಾಡೂದು ದಿನಾ ನನ್ನ ಕೆಲಸರೀ. ಕನ್ನಡಕ ಸರಿ ಕೂಡಲಿಲ್ಲ ಅಂದ್ರ ಫ್ರೇಮ್ ಬಗ್ಗಸ್ತೀನಿ. ಯಾರ ಮೂಗೂ ಬಗ್ಗಸಂಗಿಲ್ಲ. ಅಪ್ಪಗ ನಾನ ಹೇಳ್ತೀನಿ, ಸೋಮವಾರ ಬರೂದು ಬ್ಯಾಡ್ರಿ."

ಫಕ್ಕೀರವ್ವ ಸಿಟ್ಟಾಗುತ್ತಾಳೆ, ಬಸ್ಸೆಲ್ಲ ಕೇಳುವಂತೆ ಬೈಯುತ್ತಾಳೆ ಎಂದು ಕಾದೆ. ಅವಳು ಕಣವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನನ್ನ ಮೂಗು ಬಗ್ಗಿದ್ದು ಯಾರೂ ನೋಡ್ಲಿಲ್ಲವಾ" ಎಂದಳು. "ಹದಿನಾರಕ್ಕ ಬಂದಾಕಿ ನಾ. ಎಲ್ಲಾರೂ ಚಲೋ ಸೊಸಿ ಚಲೋ ಸೊಸಿ ಅಂದ್ರು. ನಾನೂ ಹೌದಂತ ತಿಳಕೊಂಡ್ನಿ."

ನೀಲಗಂಗಾ ಅವಳ ಭುಜ ಮುಟ್ಟಿ ಇಳಿದುಹೋದಳು. ಆ ಸೋಮವಾರ ಯಾರೂ ಬರಲಿಲ್ಲವೆಂದು ಅವಳೇ ಗೆಳತಿಗೆ ಹೇಳಿದ್ದನ್ನು ಮುಂದೆ ಕೇಳಿದೆ. ಅಪ್ಪ ವಾರವಿಡೀ ಮಾತು ಬಿಟ್ಟಿದ್ದನಂತೆ. ಅಂಗಡಿಗೆ ಹೋಗುವುದನ್ನು ಅವಳು ಬಿಡಲಿಲ್ಲ.

ಈಗ ಆ ಬಸ್ಸಿಲ್ಲ. ಗುಜರಿಯವನು ಬಿಚ್ಚಿ ಮಾರಿದಾಗ ನಾನು ಬೈಪಾಸಿನ ಒಂದು ಪಂಕ್ಚರ್ ಅಂಗಡಿಯ ಮುಂದೆ ಬಂದು ಬಿದ್ದೆ. ಸ್ಪಂಜನ್ನು ಹೆಗ್ಗಣ ಕಚ್ಚಿಕೊಂಡು ಹೋಗಿದೆ. ಲಾರಿಯವರು ಕೂರುತ್ತಾರೆ, ಏಳುತ್ತಾರೆ, ಯಾರ ಭಾರವೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅನುಮಾನ ದೊಡ್ಡ ರೋಗ ಎನ್ನುತ್ತಾರೆ, ನನ್ನದಿನ್ನೂ ವಾಸಿಯಾಗಿಲ್ಲ.

ಒಂದು ಭಾರವನ್ನು ಮಾತ್ರ ಮರೆತಿಲ್ಲ. ಅವತ್ತು ಹುಡುಗಿ ಇಳಿದ ಮೇಲೆ ಬಸ್ಸು ಪೂರ್ತಿ ಖಾಲಿಯಾಯಿತು. ಚಮನಸಾಬ ಬಂದು, "ಇಳೀರಿ ಅಜ್ಜಿ, ಹಾವೇರಿ ಬಂತು" ಎಂದ. ಇಷ್ಟು ದಿನ ಯಾರ ಜಾಗ ಕಸಿದರೂ ಫಕ್ಕೀರವ್ವ ಕೂರುತ್ತಿದ್ದುದು ಮೈ ಹಿಡಿಮಾಡಿಕೊಂಡೇ, ಯಾರೋ ಎಬ್ಬಿಸುತ್ತಾರೆ ಎಂಬಂತೆ. ಅವತ್ತು ಅವಳು ಮೆಲ್ಲಗೆ ನನ್ನ ನಟ್ಟನಡುವೆ ಸರಿದಳು. ಚೀಲವನ್ನು ಕೆಳಗಿಟ್ಟಳು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನನ್ನ ಬೆನ್ನಿನ ಮೇಲಿಟ್ಟಳು.

"ತಡಿಯೋ ತಮ್ಮಾ" ಎಂದಳು. "ಒಂದೀಟು ಅಗಲಾಗಿ ಕುಂದರ್ತೀನಿ."